ವಿಮಾನಕ್ಕೆ ಸೈ, ಕಾರಿಗೆ ಬೇಡ: ಮಿರ್ಜಾ ಇಸ್ಮಾಯಿಲ್ ಕಂಡ ‘ದೇಶದ ಭದ್ರತೆ’

ಅಬ್ಬಿಗೆರೆ, ಜಾಲಹಳ್ಳಿ ಕಡೆಯ ಪಿಜಿಗಳಿಂದ ಹೊರಟು ಬೇಸಿಗೆ ರಜೆಯಲ್ಲಿ ವಕೀಲರ ಕಚೇರಿಗಳಿಗೆ ಇಂಟರ್ನ್‌ಶಿಪ್‌ಗೆ ಹೋಗುವ ಕಾನೂನು ವಿದ್ಯಾರ್ಥಿಗಳು, ವಿದೇಶಿ ಹೂಡಿಕೆ ವಿಭಾಗ ಸಿಕ್ಕಿದರೆ ಓದಲೇಬೇಕಾದ ಒಂದು ಕಾಗದ ಇದೆ. 2020ರ ಏಪ್ರಿಲ್‌ನಲ್ಲಿ ಬಂದ ಪ್ರೆಸ್ ನೋಟ್ 3. ಭಾರತದ ಜೊತೆ ಭೂಗಡಿ ಇರುವ ದೇಶಗಳಿಂದ ಬರುವ ಹಣಕ್ಕೆ ಕೇಂದ್ರದ ಪೂರ್ವಾನುಮತಿ ಬೇಕು ಎಂದಿತು ಅದು. ಹಣ ಯಾರದು, ಅದರಿಂದ ಅಪಾಯ ಇದೆಯಾ, ಅದನ್ನು ತೀರ್ಮಾನಿಸೋದು ಯಾರು? ಇವು ಹೊಸ ಪ್ರಶ್ನೆಗಳು ಅನ್ನಿಸಬಹುದು. ಎಂಬತ್ತು ವರ್ಷಗಳಿಗೂ ಹಿಂದೆ ಇದೇ ಬೆಂಗಳೂರಿನಲ್ಲಿ ಒಬ್ಬ ದಿವಾನರು ಇವನ್ನೆಲ್ಲ ಎದುರಿಸಿದ್ದರು.

ಮಿರ್ಜಾ ಇಸ್ಮಾಯಿಲ್ ಹುಟ್ಟಿದ್ದು 1883ರಲ್ಲಿ, ಬೆಂಗಳೂರಿನಲ್ಲೇ. ಅವರ ತಾತ ಅಲಿ ಅಸ್ಕರ್ ಪರ್ಷಿಯಾದ ಶಿರಾಜ್‌ನಿಂದ ಕುದುರೆ ವ್ಯಾಪಾರಕ್ಕೆ ಬಂದು ಇಲ್ಲೇ ನೆಲೆಯೂರಿದವರು. ಬ್ರಿಟಿಷ್ ಸೇನೆಗೂ ಅವರ ಕುದುರೆಗಳು ಹೋಗುತ್ತಿದ್ದವು. ಅಂದ್ರೆ ಹೊರಗಿನಿಂದ ಬಂದವರೊಬ್ಬರು ಸೇನೆಗೆ ಬೇಕಾದ್ದನ್ನು ಒದಗಿಸುವುದು ಈ ಮನೆತನಕ್ಕೆ ಹೊಸದೇನಲ್ಲ. ಮಿರ್ಜಾ ಓದಿದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಯಾಗಿ. ಆಮೇಲೆ ಮಹಾರಾಜರ ಖಾಸಗಿ ಕಾರ್ಯದರ್ಶಿಯಾದರು. 1926ರಿಂದ 1941ರವರೆಗೆ ಮೈಸೂರಿನ ದಿವಾನರು.

ಮಂಡ್ಯದ ಸಕ್ಕರೆ ಕಾರ್ಖಾನೆ, ಭದ್ರಾವತಿಯ ಕಾಗದದ ಕಾರ್ಖಾನೆ ಎದ್ದು ನಿಂತಿದ್ದು ಅವರ ಕಾಲದಲ್ಲಿ. ಖಾಸಗಿಯವರು ಬರಲಿ, ಸಂಸ್ಥಾನವೂ ಪಾಲು ಹಾಕಲಿ, ಕಾರ್ಖಾನೆ ಮಾತ್ರ ನಮ್ಮ ನೆಲದಲ್ಲಿರಲಿ ಎಂಬುದು ಅವರ ದಾರಿ.

ಎರಡನೇ ಮಹಾಯುದ್ಧ ಶುರುವಾದಾಗ ಈ ದಾರಿಗೆ ನಿಜವಾದ ಪರೀಕ್ಷೆ ಎದುರಾಯಿತು. ಸೋಲಾಪುರ ಮೂಲದ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರಿಗೆ ಅಮೆರಿಕದ ವಿಲಿಯಂ ಪಾಲಿ ಜೊತೆಯಾದರು. ಚೀನಾಕ್ಕೆ ವಿಮಾನ ಕಟ್ಟಿಕೊಡುತ್ತಿದ್ದವರು ಪಾಲಿ. ಇಬ್ಬರಿಗೂ ಭಾರತದಲ್ಲಿ ವಿಮಾನ ಕಾರ್ಖಾನೆ ಬೇಕಿತ್ತು. ಜಾಗ, ನೀರು, ವಿದ್ಯುತ್ ಕೊಡಲು ಮಿರ್ಜಾ ಮುಂದೆ ಬಂದರು, ಸಂಸ್ಥಾನದಿಂದ 25 ಲಕ್ಷ ರೂಪಾಯಿ ಬಂಡವಾಳವನ್ನೂ ಹಾಕಿಸಿದರು. 1940ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಹುಟ್ಟಿತು. ಯುದ್ಧಕ್ಕೆ ವಿಮಾನ ಬೇಕಿತ್ತು, ಹಾಗಾಗಿ ಬ್ರಿಟಿಷ್ ಸರ್ಕಾರ ಸೈ ಅಂತು.

ಅದೇ ವರ್ಷಗಳಲ್ಲಿ, ಅದೇ ವಾಲ್‌ಚಂದ್, ವಿಶ್ವೇಶ್ವರಯ್ಯನವರ ಬಹುಕಾಲದ ಯೋಜನೆಯನ್ನು ಹಿಡಿದು ಕಾರು ಕಾರ್ಖಾನೆಗೂ ಓಡಾಡುತ್ತಿದ್ದರು. ಅಲ್ಲೂ ಅಮೆರಿಕದ ಕಂಪನಿ, ಕ್ರೈಸ್ಲರ್. ಅಲ್ಲೂ ಬೆನ್ನಿಗೆ ನಿಲ್ಲಲು ಮಿರ್ಜಾ ಸಿದ್ಧ. ಆದರೆ ಮೈಸೂರು ಅದರಲ್ಲಿ ಪಾಲ್ಗೊಳ್ಳೋದಕ್ಕೆ ಭಾರತ ಸರ್ಕಾರ ಒಪ್ಪಲಿಲ್ಲ. ಕೊಟ್ಟ ಕಾರಣ ಯುದ್ಧದ ಅಗತ್ಯ. ಹೂಡಿಕೆದಾರರು ಅವರೇ, ಸಂಸ್ಥಾನ ಅದೇ, ವಿದೇಶಿ ಪಾಲುದಾರರೂ ಅಮೆರಿಕದವರೇ. ಒಂದಕ್ಕೆ ಯುದ್ಧವೇ ಅನುಮತಿ, ಇನ್ನೊಂದಕ್ಕೆ ಯುದ್ಧವೇ ಅಡ್ಡಗಾಲು. ವಾಲ್‌ಚಂದ್ ಕೊನೆಗೆ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದ್ದು ಬಾಂಬೆಯಲ್ಲಿ.

ವಿಮಾನ ಕಂಪನಿಯಾದರೂ ಹಾಗೇ ಉಳಿಯಿತಾ? 1941ರಲ್ಲಿ ಭಾರತ ಸರ್ಕಾರವೂ ಪಾಲುದಾರನಾಯಿತು. 1942ರಲ್ಲಿ ಜಪಾನ್ ಬರ್ಮಾಕ್ಕೆ ನುಗ್ಗಿದಾಗ ವಾಲ್‌ಚಂದ್ ಪಾಲನ್ನು ಕೊಂಡು ಆಡಳಿತವನ್ನು ತನ್ನ ಕೈಗೆ ತಗೊಂಡಿತು. ಮೈಸೂರಿಗೆ ಷೇರು ಉಳಿಯಿತು, ಆಡಳಿತದಲ್ಲಿ ಮಾತು ಉಳಿಯಲಿಲ್ಲ. ಮರುವರ್ಷ ಕಾರ್ಖಾನೆಯಲ್ಲಿ ಅಮೆರಿಕದ ವಾಯುಸೇನೆಯ ವಿಮಾನಗಳ ರಿಪೇರಿ ನಡೆಯುತ್ತಿತ್ತು. ಅಷ್ಟರಲ್ಲಿ ಮಿರ್ಜಾ ದಿವಾನಗಿರಿ ಬಿಟ್ಟು ಜೈಪುರದ ಪ್ರಧಾನಿಯಾಗಿದ್ದರು. ಮುಂದೆ ಸ್ವಲ್ಪ ಕಾಲ ಹೈದರಾಬಾದಿನಲ್ಲೂ ಅದೇ ಹುದ್ದೆ. 1959ರ ಜನವರಿಯಲ್ಲಿ ತೀರಿಕೊಂಡರು.

ಹಾಗಂತ ಮಿರ್ಜಾ ಅವರನ್ನು ದಿಲ್ಲಿಯ ದಬ್ಬಾಳಿಕೆಗೆ ಸಿಕ್ಕ ಪ್ರಜಾಪ್ರಭುತ್ವವಾದಿ ಅಂತ ಚಿತ್ರಿಸೋದು ಸುಳ್ಳಾಗುತ್ತದೆ. ಅವರು ಉತ್ತರ ಹೇಳಬೇಕಾಗಿದ್ದು ಮಹಾರಾಜರಿಗೆ, ಜನರಿಗಲ್ಲ. 1938ರ ಏಪ್ರಿಲ್‌ನಲ್ಲಿ ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಗುಂಡು ಹಾರಿದ್ದು ಅವರ ಆಡಳಿತದಲ್ಲೇ. ಶಾಂತಿ ಸುವ್ಯವಸ್ಥೆಯ ಹೆಸರಲ್ಲಿ ಅವರ ಸರ್ಕಾರ ಪ್ರಜೆಗಳ ಬಾಯಿ ಮುಚ್ಚಿಸಿತು. ಯುದ್ಧದ ಹೆಸರಲ್ಲಿ ಮೇಲಿನ ಸರ್ಕಾರ ಅವರ ಕೈ ಕಟ್ಟಿತು. ಎರಡೂ ಕಡೆ ತೀರ್ಮಾನ ಮಾಡಿದವರು ಜನರಿಗೆ ಉತ್ತರ ಹೇಳಬೇಕಾಗಿರಲಿಲ್ಲ.

ಸ್ವಾತಂತ್ರ್ಯದ ನಂತರ ಮಿರ್ಜಾ ಅವರ ಮಾದರಿ ಸತ್ತುಹೋಗಲಿಲ್ಲ. ಅಬ್ಬಿಗೆರೆಯ ಪಕ್ಕದಲ್ಲೇ ನೋಡಿ. ಜಾಲಹಳ್ಳಿಯ ಎಚ್‌ಎಂಟಿ 1953ರಲ್ಲಿ ಶುರುವಾಗಿದ್ದು ಸ್ವಿಟ್ಜರ್‌ಲೆಂಡ್‌ನ ಓರ್ಲಿಕಾನ್ ಜೊತೆ. ಸೇನೆಗೆ ರೇಡಿಯೊ, ರೇಡಾರ್ ಮಾಡಿಕೊಟ್ಟ ಬಿಇಎಲ್ 1954ರಲ್ಲಿ ಶುರುವಾಗಿದ್ದು ಫ್ರಾನ್ಸ್‌ನ ಸಿಎಸ್‌ಎಫ್ ಸಹಯೋಗದಲ್ಲಿ. ವಿದೇಶಿ ಜ್ಞಾನ ಬಂತು, ಹಿಡಿತ ಮಾತ್ರ ನಮ್ಮದೇ ಸರ್ಕಾರದ್ದಾಗಿತ್ತು. ಆ ಸರ್ಕಾರವನ್ನು ಸಂಸತ್ತಿನಲ್ಲಿ ಪ್ರಶ್ನೆ ಕೇಳಬಹುದಿತ್ತು. ಮಿರ್ಜಾ ಕಾಲಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು.

ಈ ವ್ಯತ್ಯಾಸವನ್ನು ನಾವು ಉಳಿಸಿಕೊಂಡಿದ್ದೀವಾ? 2025ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣಗಳಲ್ಲಿ ಕೆಲಸ ಮಾಡುತ್ತಿದ್ದ ಟರ್ಕಿ ಮೂಲದ ಸೆಲೆಬಿ ಕಂಪನಿಯ ಭದ್ರತಾ ಅನುಮತಿ ರದ್ದಾಯಿತು. ಕಾರಣದ ವಿವರ ಕಂಪನಿಗೆ ಸಿಗಲಿಲ್ಲ, ಸರ್ಕಾರ ಅದನ್ನು ಮುಚ್ಚಿದ ಲಕೋಟೆಯಲ್ಲಿ ಕೋರ್ಟಿಗೆ ಕೊಟ್ಟಿತು. ಜುಲೈನಲ್ಲಿ ದಿಲ್ಲಿ ಹೈಕೋರ್ಟ್ ಕಂಪನಿಯ ಅರ್ಜಿ ವಜಾ ಮಾಡಿತು. ತೀರ್ಮಾನ ಸರಿಯೇ ಇರಬಹುದು. ಕೆಲವು ಗುಟ್ಟುಗಳನ್ನು ಕಾಪಾಡಲೇಬೇಕು ಅನ್ನೋದೂ ನಿಜ. ಆದರೆ ಸರಿಯೋ ತಪ್ಪೋ ಅಂತ ಅಳೆಯೋಕೆ ನಾಗರಿಕರ ಕೈಯಲ್ಲಿ ಏನೂ ಇಲ್ಲ.

ರಾಜ್ಯಗಳ ಸ್ಥಿತಿಯೂ ಪೂರ್ತಿ ಬದಲಾಗಿಲ್ಲ. ಜಾಗ, ನೀರು, ವಿದ್ಯುತ್ ಕರ್ನಾಟಕ ಕೊಡಬೇಕು, ಬರುವ ಹಣ ಅಪಾಯಕಾರಿಯಾ ಅಂತ ನಿರ್ಧರಿಸೋದು ದಿಲ್ಲಿ. ಭದ್ರತೆ ಕೇಂದ್ರದ ಹೊಣೆ, ಒಪ್ಪೋಣ. ಆದರೆ ಬೇಡ ಅಂದಾಗ ಹೇಳಬಹುದಾದಷ್ಟು ಕಾರಣವನ್ನಾದರೂ ಲಿಖಿತವಾಗಿ ಕೊಡಬೇಕು, ಪೂರ್ತಿ ಕಡತವನ್ನು ಸರ್ಕಾರದ ಹೊರಗಿನ ಯಾರಾದರೂ ನೋಡಲೇಬೇಕು. ಇಷ್ಟು ಕೇಳೋದು ದೇಶದ್ರೋಹ ಅಲ್ಲ. ಈ ಬೇಸಿಗೆಯಲ್ಲಿ ಇಂಥ ಕಡತ ನಿಮ್ಮ ಟೇಬಲ್ಲಿಗೆ ಬಂದರೆ, ಹಣ ಯಾವ ದೇಶದ್ದು ಅಂತ ನೋಡಿದ ಮೇಲೆ, ತೀರ್ಮಾನ ಮಾಡಿದವರು ಯಾರಿಗೆ ಉತ್ತರ ಕೊಡಬೇಕು ಅನ್ನೋದನ್ನೂ ಬರೆದಿಟ್ಟುಕೊಳ್ಳಿ.