ನಾಲ್ಕು ನಕ್ಷತ್ರಗಳಲ್ಲಿ ಮೂರು: ಹೋಸೆ ಲಿಯಾಂಡ್ರೊ ಆಂಡ್ರಾಡೆ

ವಿಶ್ವಕಪ್ ಬಂತೆಂದರೆ ನಮ್ಮ ಕಾಲೇಜಿನಲ್ಲೂ ಎರಡು ಪಕ್ಷಗಳಾಗುತ್ತವೆ. ಒಂದು ಅರ್ಜೆಂಟೀನಾ, ಇನ್ನೊಂದು ಬ್ರೆಜಿಲ್. ದಕ್ಷಿಣ ಅಮೆರಿಕವೆಂದರೆ ನಮಗೆ ಈ ಎರಡೇ ದೇಶಗಳು. ಆದರೆ ಇವೆರಡರ ನಡುವೆ ಭೂಪಟದಲ್ಲಿ ಸಿಕ್ಕಿಕೊಂಡಂತೆ ಕಾಣುವ ಉರುಗ್ವೆ ಎಂಬ ಪುಟ್ಟ ದೇಶದ ತಿಳಿನೀಲಿ ಅಂಗಿಯನ್ನು ಎಂದಾದರೂ ಗಮನವಿಟ್ಟು ನೋಡಿದ್ದೀರಾ? ಎದೆಯ ಲಾಂಛನದ ಮೇಲೆ ನಾಲ್ಕು ನಕ್ಷತ್ರಗಳಿವೆ. ಉರುಗ್ವೆ ವಿಶ್ವಕಪ್ ಗೆದ್ದದ್ದು ಎರಡೇ ಸಲ, 1930ರಲ್ಲಿ ಮತ್ತು 1950ರಲ್ಲಿ. ಹಾಗಾದರೆ ಉಳಿದ ಎರಡು ನಕ್ಷತ್ರಗಳು ಎಲ್ಲಿಂದ ಬಂದವು?

ಅವು 1924 ಮತ್ತು 1928ರ ಒಲಿಂಪಿಕ್ ಚಿನ್ನದ ಪದಕಗಳವು. ವಿಶ್ವಕಪ್ ಎಂಬುದೇ ಇಲ್ಲದ ಆ ಕಾಲದಲ್ಲಿ ಒಲಿಂಪಿಕ್ ಫುಟ್‌ಬಾಲ್ ಗೆದ್ದವರೇ ಜಗತ್ತಿನ ಶ್ರೇಷ್ಠರು. ಆದ್ದರಿಂದ ಉರುಗ್ವೆ ಆ ಎರಡು ಗೆಲುವುಗಳನ್ನೂ ವಿಶ್ವ ಕಿರೀಟವೆಂದೇ ಎಣಿಸುತ್ತದೆ. ಈ ನಾಲ್ಕರಲ್ಲಿ ಮೊದಲ ಮೂರು ನಕ್ಷತ್ರಗಳನ್ನು ತಂದ ತಂಡಗಳಲ್ಲಿ ಒಬ್ಬ ಕಪ್ಪು ವರ್ಣದ ಆಟಗಾರರಿದ್ದರು. ಹೆಸರು ಹೋಸೆ ಲಿಯಾಂಡ್ರೊ ಆಂಡ್ರಾಡೆ. ಒಂದು ಕಾಲದಲ್ಲಿ ಪ್ಯಾರಿಸ್ ನಗರವೇ ಎದ್ದು ನಿಂತು ಅವರಿಗೆ ಚಪ್ಪಾಳೆ ತಟ್ಟಿತ್ತು. ಅವರು ಕಣ್ಣು ಮುಚ್ಚಿದ್ದು ಮಾತ್ರ ಬಡವರ ಆಶ್ರಯಧಾಮವೊಂದರಲ್ಲಿ.

ಆಂಡ್ರಾಡೆ ಹುಟ್ಟಿದ್ದು 1901ರ ನವೆಂಬರ್‌ನಲ್ಲಿ, ಉರುಗ್ವೆಯ ವಾಯವ್ಯ ಭಾಗದಲ್ಲಿರುವ ಸಾಲ್ಟೊ ಎಂಬ ಊರಿನಲ್ಲಿ. ಅವರ ಪೂರ್ವಿಕರು ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟ ಜನ. ಉರುಗ್ವೆಯಲ್ಲಿ ಗುಲಾಮಗಿರಿ 1840ರ ದಶಕದಲ್ಲೇ ರದ್ದಾಗಿತ್ತು. ಪಕ್ಕದ ಬ್ರೆಜಿಲ್‌ನಲ್ಲಿ ಅದು ಕೊನೆಗೊಂಡದ್ದು 1888ರಲ್ಲಿ, ಅಂದರೆ ಆಂಡ್ರಾಡೆ ಹುಟ್ಟುವ ಕೇವಲ 13 ವರ್ಷ ಮೊದಲು. ಕಾನೂನು ಬದಲಾದರೂ ಬಡತನ ಅಷ್ಟು ಬೇಗ ಬದಲಾಗುವುದಿಲ್ಲವಲ್ಲ. ಹುಡುಗ ರಾಜಧಾನಿ ಮಾಂಟೆವಿಡಿಯೊಗೆ ಬಂದು ಪಲೆರ್ಮೊ ಎಂಬ ಬಡಾವಣೆಯಲ್ಲಿ ಸಂಬಂಧಿಕರ ಮನೆಯಲ್ಲಿ ಬೆಳೆದ. ಬೀದಿಯಲ್ಲಿ ಬೂಟ್ ಪಾಲಿಶ್ ಮಾಡಿದ, ಪತ್ರಿಕೆ ಮಾರಿದ. ಕಾರ್ನಿವಲ್ ಹಬ್ಬ ಬಂದಾಗ ವಾದ್ಯ ನುಡಿಸುವವರ ಮೇಳದೊಂದಿಗೆ ಬೀದಿ ಬೀದಿ ಸುತ್ತಿದ. ಪಲೆರ್ಮೊ ಆಫ್ರಿಕನ್ ಮೂಲದವರ ಡೋಲುಗಳಿಗೆ ಹೆಸರಾದ ಕೇರಿ. ಮುಂದೆ ಆಂಡ್ರಾಡೆಯವರ ಆಟ ನೋಡಿದವರೆಲ್ಲ ಆ ಕಾಲುಗಳಲ್ಲಿ ಒಂದು ತಾಳವಿದೆ ಎಂದು ಹೇಳುತ್ತಿದ್ದುದಕ್ಕೆ ಈ ಕೇರಿಯೂ ಕಾರಣವಿರಬಹುದು.

ಆಗಿನ ದಕ್ಷಿಣ ಅಮೆರಿಕದಲ್ಲಿ ರಾಷ್ಟ್ರೀಯ ತಂಡಕ್ಕೆ ಕಪ್ಪು ಆಟಗಾರರನ್ನು ಆರಿಸುವುದು ಸಣ್ಣ ಸಂಗತಿಯಾಗಿರಲಿಲ್ಲ. 1916ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಮೊಟ್ಟಮೊದಲ ದಕ್ಷಿಣ ಅಮೆರಿಕ ಚಾಂಪಿಯನ್‌ಶಿಪ್ ನಡೆಯಿತು. ಇಂದು ನಾವು ಕೋಪಾ ಅಮೆರಿಕ ಎನ್ನುವುದು ಇದನ್ನೇ. ಅದರಲ್ಲಿ ಉರುಗ್ವೆ ತಂಡ ಚಿಲಿಯನ್ನು 4-0 ಗೋಲುಗಳಿಂದ ಸೋಲಿಸಿತು. ಉರುಗ್ವೆ ಪರ ಇಸಬೆಲಿನೊ ಗ್ರಾದಿನ್ ಮತ್ತು ಹುವಾನ್ ಡೆಲ್ಗಾಡೊ ಎಂಬ ಇಬ್ಬರು ಕಪ್ಪು ಆಟಗಾರರು ಆಡಿದ್ದರು. ಎರಡು ಗೋಲು ಗ್ರಾದಿನ್ ಅವರದೇ. ಸೋತ ತಂಡದವರು ದೂರು ಕೊಟ್ಟರು: ಉರುಗ್ವೆ ಆಫ್ರಿಕನ್ನರನ್ನು ಕಣಕ್ಕಿಳಿಸಿದೆ, ಆದ್ದರಿಂದ ಪಂದ್ಯದ ಫಲಿತಾಂಶ ಒಪ್ಪಲಾಗದು ಎಂದು. ಆ ದೂರು ನಿಲ್ಲಲಿಲ್ಲ, ಉರುಗ್ವೆಯೇ ಚಾಂಪಿಯನ್ ಆಯಿತು. ಆಗ ಆಂಡ್ರಾಡೆಗೆ 14 ವರ್ಷ. ಗ್ರಾದಿನ್ ಮತ್ತು ಡೆಲ್ಗಾಡೊ ತೆರೆದ ಬಾಗಿಲಿನಿಂದಲೇ ಮುಂದೆ ಆ ಹುಡುಗ ಒಳಗೆ ಬಂದ.

ಬೆಲ್ಲಾ ವಿಸ್ಟಾ ಎಂಬ ಕ್ಲಬ್‌ನಲ್ಲಿ ಆಂಡ್ರಾಡೆಯವರ ಆಟ ಎಲ್ಲರ ಕಣ್ಣಿಗೆ ಬಿತ್ತು. ಅದೇ ಕ್ಲಬ್‌ನಲ್ಲಿದ್ದ ಹೋಸೆ ನಸಾಸಿ ಮುಂದೆ ಉರುಗ್ವೆಯ ಮಹಾ ನಾಯಕರಾದರು. 1923ರಲ್ಲಿ ದಕ್ಷಿಣ ಅಮೆರಿಕ ಚಾಂಪಿಯನ್‌ಶಿಪ್ ಗೆದ್ದ ರಾಷ್ಟ್ರೀಯ ತಂಡದಲ್ಲಿ ಆಂಡ್ರಾಡೆಯವರಿಗೂ ಸ್ಥಾನ ಸಿಕ್ಕಿತು. ಅವರ ಜಾಗ ಬಲಬದಿಯ ಹಾಫ್. ರಕ್ಷಣೆಗೂ ದಾಳಿಗೂ ನಡುವೆ ನಿಂತು ಎದುರಾಳಿಯಿಂದ ಚೆಂಡು ಕಿತ್ತು ಮುಂದಿನವರಿಗೆ ಕೊಡುವ ಕೆಲಸ. ಎತ್ತರದ, ತೆಳ್ಳಗಿನ ಮೈಕಟ್ಟು. ಎದುರಾಳಿಯ ಮೈಗೆ ಮೈ ತಾಗಿಸದೆ ಚೆಂಡನ್ನಷ್ಟೇ ತೆಗೆದುಕೊಳ್ಳುವ ಜಾಣ್ಮೆ ಅವರದು. ಒರಟಾಟವಿಲ್ಲ, ಗದ್ದಲವಿಲ್ಲ.

ಆ ಗೆಲುವಿನೊಂದಿಗೆ 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋಗುವ ತೀರ್ಮಾನವಾಯಿತು. ಆದರೆ ದುಡ್ಡು? ಆಗ ಉರುಗ್ವೆಯ ಜನಸಂಖ್ಯೆ 20 ಲಕ್ಷಕ್ಕೂ ಕಡಿಮೆ. ಫುಟ್‌ಬಾಲ್ ಸಂಸ್ಥೆಯ ಮುಂದಾಳು ಅಟಿಲಿಯೊ ನರಾನ್ಸಿಯೊ ತಮ್ಮ ಆಸ್ತಿಯನ್ನೇ ಅಡವಿಟ್ಟು ಪ್ರಯಾಣದ ಖರ್ಚು ಹೊಂದಿಸಿದರು. ಆಟಗಾರರು ಹಡಗಿನ ಅತಿ ಕಡಿಮೆ ದರ್ಜೆಯಲ್ಲಿ ಅಟ್ಲಾಂಟಿಕ್ ದಾಟಿದರು. ಸ್ಪೇನ್‌ನಲ್ಲಿ ಇಳಿದು, ಊರೂರು ಸುತ್ತಿ ಪಂದ್ಯವಾಡಿ, ಬಂದ ಹಣದಿಂದ ಊಟ-ವಸತಿ ನೋಡಿಕೊಂಡರು. ಒಂಬತ್ತು ಪಂದ್ಯ ಆಡಿದರು, ಒಂಬತ್ತನ್ನೂ ಗೆದ್ದರು.

ಯಾರು ಈ ಆಟಗಾರರು? ನಾಯಕ ನಸಾಸಿ ಅಮೃತಶಿಲೆ ಕತ್ತರಿಸುವ ಕೆಲಸಗಾರ. ಪೆಡ್ರೊ ಅರಿಸ್ಪೆ ಮಾಂಸದ ಕಾರ್ಖಾನೆಯ ಕಾರ್ಮಿಕ. ಪೆಡ್ರೊ ಸಿಯಾ ಮಂಜುಗಡ್ಡೆ ಮಾರುವವರು. ಪೆಡ್ರೊ ಪೆಟ್ರೋನೆ ಅಂಗಡಿಯೊಂದರಲ್ಲಿ ದುಡಿಯುತ್ತಿದ್ದವರು. ಮತ್ತು ಬೂಟ್ ಪಾಲಿಶ್ ಮಾಡಿ, ಕಾರ್ನಿವಲ್‌ನಲ್ಲಿ ವಾದ್ಯ ನುಡಿಸುತ್ತಿದ್ದ ಆಂಡ್ರಾಡೆ. ಯುರೋಪಿಗೆ ಬಂದ ಮೊದಲ ದಕ್ಷಿಣ ಅಮೆರಿಕದ ರಾಷ್ಟ್ರೀಯ ತಂಡ ಇದು. ಯಾರಿಗೂ ಇವರ ಪರಿಚಯವಿರಲಿಲ್ಲ. ಮೊದಲ ಪಂದ್ಯದಲ್ಲಿ ಉರುಗ್ವೆಯ ಬಾವುಟವನ್ನೇ ತಲೆಕೆಳಗಾಗಿ ಹಾರಿಸಲಾಗಿತ್ತು ಎಂದು ಹೇಳುತ್ತಾರೆ. ನೋಡಲು ಬಂದವರು ಕೆಲವೇ ಸಾವಿರ ಮಂದಿ.

ಆ ಪಂದ್ಯದಲ್ಲಿ ಯುಗೊಸ್ಲಾವಿಯಾ 7-0 ಗೋಲುಗಳಿಂದ ಸೋತಿತು. ಮರುದಿನದಿಂದ ಪ್ಯಾರಿಸ್ಸಿನಲ್ಲಿ ಇದೇ ಮಾತು. ಅಮೆರಿಕ ವಿರುದ್ಧ 3-0, ಆತಿಥೇಯ ಫ್ರಾನ್ಸ್ ವಿರುದ್ಧ 5-1, ಸೆಮಿಫೈನಲ್‌ನಲ್ಲಿ ನೆದರ್ಲೆಂಡ್ಸ್ ವಿರುದ್ಧ 2-1. ಜೂನ್ 9ರಂದು ಕೊಲೊಂಬ್ ಕ್ರೀಡಾಂಗಣದಲ್ಲಿ ನಡೆದ ಫೈನಲ್‌ಗೆ ಸುಮಾರು 40,000 ಜನ ಕಿಕ್ಕಿರಿದು ಬಂದರು. ಸ್ವಿಟ್ಜರ್ಲೆಂಡ್ 3-0ರಲ್ಲಿ ಸೋತಿತು. ಉದ್ದ ಪಾಸ್ ಹೊಡೆದು ಹಿಂದೆ ಓಡುವ ಆಟವನ್ನೇ ಹೆಚ್ಚಾಗಿ ಕಂಡಿದ್ದ ಯುರೋಪಿನ ಪ್ರೇಕ್ಷಕರಿಗೆ ಉರುಗ್ವೆಯ ಚಿಕ್ಕ ಚಿಕ್ಕ ಪಾಸ್‌ಗಳು, ಚೆಂಡಿನ ಮೇಲಿನ ಹಿಡಿತ ಹೊಸ ಲೋಕವನ್ನೇ ತೋರಿಸಿತು. ಗೆದ್ದ ತಂಡ ಮೈದಾನದ ಸುತ್ತ ಓಡಿ ಪ್ರೇಕ್ಷಕರಿಗೆ ವಂದಿಸಿತು. ಇಂದು ಎಲ್ಲ ಕಡೆ ಕಾಣುವ ವಿಜಯದ ಸುತ್ತು ಅಲ್ಲಿಂದಲೇ ಶುರುವಾಯಿತು ಎನ್ನುವವರಿದ್ದಾರೆ.

ಆ ತಂಡದಲ್ಲಿ ಎಲ್ಲರ ಕಣ್ಣು ನೆಟ್ಟದ್ದು ಆಂಡ್ರಾಡೆಯವರ ಮೇಲೆ. ಒಲಿಂಪಿಕ್ ಫುಟ್‌ಬಾಲ್ ಅಂಗಳದಲ್ಲಿ ಅಂಥ ಕಪ್ಪು ಆಟಗಾರನನ್ನು ಅವರು ಕಂಡಿರಲಿಲ್ಲ. ಫ್ರೆಂಚ್ ಪತ್ರಿಕೆಗಳು ಅವರನ್ನು ಕಪ್ಪು ಅದ್ಭುತ ಎಂದು ಕರೆದವು. ಹೊಗಳಿಕೆಯೇ ನಿಜ, ಆದರೆ ಆ ಹೊಗಳಿಕೆಯಲ್ಲೂ ಮೊದಲು ಕಂಡದ್ದು ಬಣ್ಣ, ಆಮೇಲೆ ಆಟ. ಜೊತೆಯ ಹತ್ತು ಮಂದಿಯನ್ನು ಯಾರೂ ಬಿಳಿ ಅದ್ಭುತ ಎಂದು ಕರೆಯಲಿಲ್ಲ. ಬಡಕೇರಿಯಿಂದ ಬಂದ 22ರ ತರುಣ ಪ್ಯಾರಿಸ್ಸಿನ ಬೆಳಕಿನಲ್ಲಿ ಕೆಲ ಕಾಲ ತಾರೆಯಾಗಿ ಓಡಾಡಿದರು. ಒಳ್ಳೆಯ ಬಟ್ಟೆ ತೊಟ್ಟರು, ದೊಡ್ಡವರ ಕೂಟಗಳಿಗೆ ಹೋದರು. ಊರಿಗೆ ಮರಳಿದಾಗ ಅವರ ವೇಷಭೂಷಣ ನೋಡಿ ಮಾಂಟೆವಿಡಿಯೊ ಬೆರಗಾಯಿತು.

ಬಳಿಕ ಅವರು ನಾಸಿಯೊನಾಲ್ ಎಂಬ ದೊಡ್ಡ ಕ್ಲಬ್ ಸೇರಿದರು. 1924 ಮತ್ತು 1926ರಲ್ಲಿ ಮತ್ತೆ ದಕ್ಷಿಣ ಅಮೆರಿಕದ ಚಾಂಪಿಯನ್ ಆದರು. 1928ರಲ್ಲಿ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ಗೂ ಹೋದರು. ಇಟಲಿ ವಿರುದ್ಧದ ಸೆಮಿಫೈನಲ್‌ನಲ್ಲಿ ಉರುಗ್ವೆ 3-2ರಿಂದ ಗೆದ್ದಿತು. ಆದರೆ ಅದೇ ಪಂದ್ಯದಲ್ಲಿ ಆಂಡ್ರಾಡೆ ಗೋಲುಕಂಬಕ್ಕೆ ಡಿಕ್ಕಿ ಹೊಡೆದು ಕಣ್ಣಿಗೆ ಪೆಟ್ಟು ಮಾಡಿಕೊಂಡರು ಎನ್ನಲಾಗುತ್ತದೆ. ಫೈನಲ್ ನೆರೆಯ ಅರ್ಜೆಂಟೀನಾ ಜೊತೆಗೆ. ಮೊದಲ ಪಂದ್ಯ 1-1 ಸಮ. ಮೂರು ದಿನ ಬಿಟ್ಟು ಮತ್ತೆ ಆಡಿಸಿದಾಗ ಉರುಗ್ವೆಗೆ 2-1 ಜಯ. ಎರಡನೆಯ ನಕ್ಷತ್ರ ಬಂತು.

ಎರಡು ವರ್ಷಗಳ ನಂತರ ಜಗತ್ತಿನ ಮೊದಲ ವಿಶ್ವಕಪ್ ಉರುಗ್ವೆಯಲ್ಲೇ ನಡೆಯಿತು. ಅದು ದೇಶದ ಸಂವಿಧಾನಕ್ಕೆ 100 ವರ್ಷ ತುಂಬಿದ ಸಂದರ್ಭ. ಅದಕ್ಕೆಂದೇ ಕಟ್ಟಿದ ಕ್ರೀಡಾಂಗಣದ ಹೆಸರೂ ಸೆಂಟೆನಾರಿಯೊ, ಅಂದರೆ ಶತಮಾನೋತ್ಸವ. ದೂರದ ಹಡಗು ಪ್ರಯಾಣಕ್ಕೆ ಹಿಂಜರಿದು ಯುರೋಪಿನಿಂದ ನಾಲ್ಕೇ ತಂಡಗಳು ಬಂದವು. ಒಟ್ಟು 13 ತಂಡಗಳು. 1930ರ ಜುಲೈ 30ರ ಫೈನಲ್‌ನಲ್ಲಿ ಮತ್ತೆ ಎದುರಾದದ್ದು ಅರ್ಜೆಂಟೀನಾ. ಯಾರ ಚೆಂಡಿನಲ್ಲಿ ಆಡಬೇಕು ಎಂಬುದಕ್ಕೇ ಜಗಳವಾಗಿ, ಮೊದಲರ್ಧ ಅವರ ಚೆಂಡು, ಎರಡನೆಯ ಅರ್ಧ ಇವರ ಚೆಂಡು ಎಂದು ತೀರ್ಮಾನವಾಯಿತು. ವಿರಾಮದ ಹೊತ್ತಿಗೆ ಅರ್ಜೆಂಟೀನಾ 2-1ರಿಂದ ಮುಂದಿತ್ತು. ಆಮೇಲೆ ಉರುಗ್ವೆ ಸಾಲಾಗಿ ಮೂರು ಗೋಲು ಹೊಡೆದು 4-2ರಿಂದ ಗೆದ್ದಿತು. ಕೊನೆಯ ಗೋಲು ಹೆಕ್ಟರ್ ಕ್ಯಾಸ್ಟ್ರೊ ಅವರದು. ಅವರು ಬಾಲ್ಯದಲ್ಲಿ ಯಂತ್ರದ ಗರಗಸಕ್ಕೆ ಸಿಕ್ಕಿ ಬಲ ಮುಂಗೈ ಕಳೆದುಕೊಂಡವರು. ಮರುದಿನ ದೇಶಕ್ಕೇ ರಜೆ. ಬಲಬದಿಯಲ್ಲಿ ಪಂದ್ಯವಿಡೀ ಕಾವಲು ಕಾದ ಆಂಡ್ರಾಡೆಗೆ ಆಗ 28 ವರ್ಷ. ಮೂರನೆಯ ನಕ್ಷತ್ರವೂ ಬಂತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಆ ಕಾಲದ ಒಲಿಂಪಿಕ್ಸ್ ನಿಯಮದಂತೆ ಆಟಕ್ಕೆ ಸಂಬಳ ಪಡೆಯುವವರಿಗೆ ಪ್ರವೇಶವಿರಲಿಲ್ಲ. ಉರುಗ್ವೆಯಲ್ಲಿ ಫುಟ್‌ಬಾಲ್ ಅಧಿಕೃತವಾಗಿ ವೃತ್ತಿಯಾದದ್ದು 1932ರಲ್ಲಿ. ಆಂಡ್ರಾಡೆಯವರ ಕಾಲುಗಳಲ್ಲಿ ಶಕ್ತಿ ತುಂಬಿದ್ದ ವರ್ಷಗಳಲ್ಲಿ ಆಟ ಅನ್ನ ಕೊಡುವ ಕಸುಬಾಗಿರಲಿಲ್ಲ. ಅದು ಕಸುಬಾಗುವ ಹೊತ್ತಿಗೆ ಅವರಿಗೆ 30 ದಾಟಿತ್ತು, ಕಣ್ಣಿನ ತೊಂದರೆ ಹೆಚ್ಚುತ್ತಿತ್ತು. ಪೆನ್ಯಾರೊಲ್ ಕ್ಲಬ್‌ನಲ್ಲಿ, ಮುಂದೆ ಅರ್ಜೆಂಟೀನಾದ ಕ್ಲಬ್‌ಗಳಲ್ಲಿ ಕೆಲ ಕಾಲ ಆಡಿ ಅವರು ನಿವೃತ್ತರಾದರು. ಅವರಿಗೆ ಓದಿನ ಆಸರೆ ಇರಲಿಲ್ಲ, ಕೈಯಲ್ಲಿ ಸ್ಥಿರವಾದ ಉದ್ಯೋಗ ಇರಲಿಲ್ಲ. ಬಂದದ್ದನ್ನು ಕೂಡಿಡುವ ಅಭ್ಯಾಸವೂ ಇರಲಿಲ್ಲ. ಒಂದು ಕಣ್ಣಿನ ದೃಷ್ಟಿ ಹೋಯಿತು. ಕುಡಿತ ಅಂಟಿಕೊಂಡಿತು. ಇದರಲ್ಲಿ ಅವರ ತಪ್ಪಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಎಲ್ಲ ತಪ್ಪೂ ಅವರದೇ ಎಂದು ಹೇಳಿ ಕೈತೊಳೆದುಕೊಳ್ಳುವುದೂ ನ್ಯಾಯವಲ್ಲ.

1950ರಲ್ಲಿ ಉರುಗ್ವೆ ರಿಯೊ ನಗರದ ಮರಕಾನಾ ಕ್ರೀಡಾಂಗಣದಲ್ಲಿ ಬ್ರೆಜಿಲನ್ನು 2-1ರಿಂದ ಸೋಲಿಸಿ ನಾಲ್ಕನೆಯ ನಕ್ಷತ್ರ ಗೆದ್ದಾಗ ಆ ತಂಡದಲ್ಲಿದ್ದವರು ಆಂಡ್ರಾಡೆಯವರ ಸೋದರಳಿಯ ವಿಕ್ಟರ್ ರೊಡ್ರಿಗೆಜ್ ಆಂಡ್ರಾಡೆ. ಹಾಗೆ ನೋಡಿದರೆ ಆ ಅಂಗಿಯ ಮೇಲಿನ ನಾಲ್ಕು ನಕ್ಷತ್ರಗಳಿಗೂ ಒಂದೇ ಕುಟುಂಬದ ಬೆವರಿನ ಪಾಲಿದೆ.

ಅಷ್ಟರಲ್ಲಿ ಮಾವನನ್ನು ಊರು ಮರೆತಿತ್ತು. 1956ರ ಸುಮಾರಿಗೆ ಜರ್ಮನಿಯ ಪತ್ರಕರ್ತರೊಬ್ಬರು ಹಳೆಯ ತಾರೆಯನ್ನು ಹುಡುಕಿಕೊಂಡು ಮಾಂಟೆವಿಡಿಯೊಗೆ ಬಂದರು. ಹಲವು ದಿನ ಅಲೆದ ಮೇಲೆ ಆಂಡ್ರಾಡೆ ಸಿಕ್ಕಿದ್ದು ನೆಲಮಾಳಿಗೆಯ ಒಂದು ಕೋಣೆಯಲ್ಲಿ. ಕೇಳಿದ ಪ್ರಶ್ನೆಗಳೂ ಅರ್ಥವಾಗದ ಸ್ಥಿತಿಯಲ್ಲಿ ಅವರಿದ್ದರು. ಮರುವರ್ಷ, 1957ರ ಅಕ್ಟೋಬರ್‌ನಲ್ಲಿ, ಬಡವರ ಆಶ್ರಯಧಾಮದಲ್ಲಿ ಕ್ಷಯರೋಗದಿಂದ ತೀರಿಕೊಂಡರು. ವಯಸ್ಸು 55. ಅವರು ಮೂರು ಸಲ ಜಗದ್ವಿಜೇತರಾದ ಆಟಗಾರ. ಅವರ ತಂಡ ವಿಶ್ವಕಪ್ ಗೆದ್ದ ಕ್ರೀಡಾಂಗಣವೂ ಅದೇ ಊರಿನಲ್ಲಿತ್ತು. ಸೆಂಟೆನಾರಿಯೊದ ಬೃಹತ್ ಗೋಪುರ ಆ ಊರಿನಲ್ಲಿ ಇಂದಿಗೂ ನಿಂತಿದೆ.

ಪ್ರಿಯ ವಿದ್ಯಾರ್ಥಿಗಳೇ, ಈ ಕಥೆಯಿಂದ ಆಟ ಬೇಡ, ಓದು ಸಾಕು ಎಂಬ ಪಾಠ ತೆಗೆಯಬೇಡಿ. ಆಟ ಇಲ್ಲದಿದ್ದರೆ ಪಲೆರ್ಮೊದ ಆ ಹುಡುಗನ ಹೆಸರು ಅವನ ಕೇರಿಯನ್ನೂ ದಾಟುತ್ತಿರಲಿಲ್ಲ. ಆಡುವವರು ಚಪ್ಪಾಳೆ ನಿಂತ ಮೇಲಿನ ದಿನಗಳಿಗೂ ಒಂದಿಷ್ಟು ಸಿದ್ಧತೆ ಮಾಡಿಕೊಳ್ಳಲಿ, ಅಷ್ಟೇ. ಇನ್ನು ಚಪ್ಪಾಳೆ ತಟ್ಟುವ ನಮ್ಮದೂ ಒಂದು ಸಾಲವಿದೆ. ಕಾಲೇಜಿನ ಕಪಾಟಿನಲ್ಲಿರುವ ಟ್ರೋಫಿಗಳನ್ನು ನಾವು ದಿನವೂ ನೋಡುತ್ತೇವೆ. ಅವನ್ನು ಗೆದ್ದು ತಂದ ಹುಡುಗರು, ಹುಡುಗಿಯರು ಇಂದು ಎಲ್ಲಿದ್ದಾರೆ, ಹೇಗಿದ್ದಾರೆ? ಒಮ್ಮೆ ಹಿರಿಯ ಉಪನ್ಯಾಸಕರನ್ನು ಕೇಳಿ ನೋಡಿ. ಒಂದು ಹೆಸರು ಸಿಕ್ಕಿದರೆ ಒಂದು ಫೋನ್ ಮಾಡಿ. ಆಂಡ್ರಾಡೆಯವರ ಬಾಗಿಲು ತಟ್ಟಲು ದೂರದ ಜರ್ಮನಿಯಿಂದ ಒಬ್ಬರು ಬರಬೇಕಾಯಿತು. ಅವರ ಊರಿನವರಿಗೆ ಅದು ಕೆಲವೇ ಬೀದಿಗಳ ದಾರಿಯಾಗಿತ್ತು.