ಮೂವತ್ತು ವರ್ಷ ಮುಚ್ಚಿಟ್ಟ ಊತ: ಗಿಬ್ಬನ್ ಸಾವು ಹರ್ನಿಯಾ ಬಗ್ಗೆ ಹೇಳುವುದೇನು?

ರೋಮ್ ಸಾಮ್ರಾಜ್ಯ ಹೇಗೆ ಕುಸಿಯಿತು ಎಂಬುದನ್ನು ಆರು ಸಂಪುಟಗಳಲ್ಲಿ ಬರೆದ ಎಡ್ವರ್ಡ್ ಗಿಬ್ಬನ್ ಹೆಸರನ್ನು ಇತಿಹಾಸ ಓದಿದವರು ಕೇಳಿರುತ್ತೀರಿ. ಆತ ಸತ್ತದ್ದು ಹೇಗೆ ಎಂಬುದು ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ. ಮರ್ಮಾಂಗದ ಬಳಿ ಕಾಣಿಸಿಕೊಂಡ ಒಂದು ಊತವನ್ನು ಆತ ಮೂವತ್ತಕ್ಕೂ ಹೆಚ್ಚು ವರ್ಷ ಮುಚ್ಚಿಟ್ಟಿದ್ದ. ಹರ್ನಿಯಾಕ್ಕೆ ಬೆಲ್ಟ್ ಕಟ್ಟಿದರೆ ಸಾಕು, ಎಣ್ಣೆ ತಿಕ್ಕಿದರೆ ಕರಗುತ್ತದೆ ಎಂಬ ಸಂದೇಶಗಳು ವಾಟ್ಸಾಪ್‌ನಲ್ಲಿ ಇಂದಿಗೂ ಓಡಾಡುತ್ತಿವೆ. ಅವನ್ನು ನಂಬುವ ಮೊದಲು ಗಿಬ್ಬನ್ ಕಥೆ ಓದಿ.

ಬದುಕಿ ಉಳಿದ ಒಂದೇ ಮಗು

ಗಿಬ್ಬನ್ ಹುಟ್ಟಿದ್ದು 1737ರಲ್ಲಿ, ಲಂಡನ್ ಬಳಿಯ ಪಟ್ನಿಯಲ್ಲಿ. ಒಡಹುಟ್ಟಿದ ಆರು ಮಕ್ಕಳೂ ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. ಈತನೂ ರೋಗಿಷ್ಠ ಮಗುವೇ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ಹುಡುಗನನ್ನು ತಾಯಿಯ ಸಹೋದರಿ ಕ್ಯಾಥರೀನ್ ಪೋರ್ಟನ್ ಸಾಕಿದರು. ಓದಿನ ಹುಚ್ಚು ಹಿಡಿಸಿದವರೂ ಅವರೇ.

ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದಾಗ ಕ್ಯಾಥೊಲಿಕ್ ಪಂಥಕ್ಕೆ ಸೇರಿದ್ದಕ್ಕೆ ಸಿಟ್ಟಾದ ತಂದೆ, 1753ರಲ್ಲಿ ಆತನನ್ನು ಸ್ವಿಟ್ಜರ್ಲೆಂಡಿನ ಲೋಸಾನ್‌ಗೆ ಕಳಿಸಿದರು. ಅಲ್ಲಿ ಫ್ರೆಂಚ್ ಕಲಿತು, ಲ್ಯಾಟಿನ್ ಗ್ರಂಥಗಳನ್ನು ಓದಿ ಇಂಗ್ಲೆಂಡಿಗೆ ಮರಳಿದ ಗಿಬ್ಬನ್, ಹ್ಯಾಂಪ್‌ಶೈರ್‌ನ ನಾಗರಿಕ ಸೇನೆಯಲ್ಲಿ ಕ್ಯಾಪ್ಟನ್ ಆದ. ಊತ ತೊಂದರೆ ಕೊಡಲು ಶುರುಮಾಡಿದ್ದು ಆ ವರ್ಷಗಳಲ್ಲೇ.

ಮತ್ತೆ ಬನ್ನಿ ಎಂದರು, ಹೋಗಲಿಲ್ಲ

1761ರಲ್ಲಿ ಆತ ಲಂಡನ್ನಿನ ಹೆಸರಾಂತ ಶಸ್ತ್ರವೈದ್ಯ ಸೀಸರ್ ಹಾಕಿನ್ಸ್ ಅವರಿಗೆ ಊತವನ್ನು ತೋರಿಸಿದ. ಅದು ಹರ್ನಿಯಾವೋ ಹೈಡ್ರೋಸಿಲ್ಲೋ ಎಂದು ತೀರ್ಮಾನಿಸಲಾಗದೆ, ಮತ್ತೊಮ್ಮೆ ಬರುವಂತೆ ಅವರು ಹೇಳಿದರು. ಗಿಬ್ಬನ್ ಅವರ ಬಳಿಗೆ ಮತ್ತೆ ಹೋಗಲೇ ಇಲ್ಲ.

ಅವೆರಡಕ್ಕೂ ವ್ಯತ್ಯಾಸವೇನು? ಗಂಡು ಮಗು ತಾಯಿಯ ಹೊಟ್ಟೆಯಲ್ಲಿರುವಾಗ ಅದರ ವೃಷಣಗಳು ಹೊಟ್ಟೆಯೊಳಗಿಂದ ತೊಡೆಸಂದಿನ ದಾರಿಯಾಗಿ ಕೆಳಕ್ಕೆ ಇಳಿಯುತ್ತವೆ. ಆ ದಾರಿ ದೇಹದಲ್ಲಿ ಒಂದು ದುರ್ಬಲ ಜಾಗವಾಗಿ ಉಳಿಯುತ್ತದೆ. ಅಲ್ಲಿಂದ ಕರುಳು ಅಥವಾ ಹೊಟ್ಟೆಯ ಕೊಬ್ಬು ಹೊರಕ್ಕೆ ಜಾರಿದರೆ ಅದು ಹರ್ನಿಯಾ. ವೃಷಣದ ಸುತ್ತ ನೀರು ತುಂಬಿಕೊಂಡರೆ ಅದು ಹೈಡ್ರೋಸಿಲ್. ಹೊರಗಿನಿಂದ ನೋಡಿದರೆ ಎರಡೂ ಊತವೇ. ಒಬ್ಬರಿಗೇ ಎರಡೂ ಇರಬಹುದು.

ನೋವಿಲ್ಲದ ಕಾರಣ ಗಿಬ್ಬನ್ ತನ್ನ ಕೆಲಸದಲ್ಲಿ ಮುಳುಗಿದ. 1764ರಲ್ಲಿ ರೋಮ್ ನೋಡಿದ. 1776ರಲ್ಲಿ ಮೊದಲ ಸಂಪುಟ ಬಂದು ಮನೆಮಾತಾದ. ಬ್ರಿಟಿಷ್ ಸಂಸತ್ತಿನ ಸದಸ್ಯನೂ ಆಗಿದ್ದ. 1783ರಲ್ಲಿ ಮತ್ತೆ ಲೋಸಾನ್‌ಗೆ ಹೋಗಿ ನೆಲೆಸಿ ಅಲ್ಲಿಯೇ ಗ್ರಂಥವನ್ನು ಮುಗಿಸಿದ. ಕೊನೆಯ ಮೂರು ಸಂಪುಟಗಳು 1788ರಲ್ಲಿ ಹೊರಬಂದವು. ಕಾಲಿನ ಗೌಟ್ ನೋವಿನ ಬಗ್ಗೆ ಗೆಳೆಯರಿಗೆ ಧಾರಾಳವಾಗಿ ಪತ್ರ ಬರೆಯುತ್ತಿದ್ದ ಈತ, ಬಟ್ಟೆಯ ಮೇಲಿಂದಲೇ ಕಾಣುವಷ್ಟು ಬೆಳೆದಿದ್ದ ಊತದ ಬಗ್ಗೆ ತನ್ನ ಆಳಿನ ಬಳಿಯೂ ಬಾಯಿಬಿಡಲಿಲ್ಲ.

ಕೊನೆಯ ಎರಡು ತಿಂಗಳು

1793ರಲ್ಲಿ ಆಪ್ತಮಿತ್ರ ಲಾರ್ಡ್ ಶೆಫೀಲ್ಡ್ ಅವರ ಹೆಂಡತಿ ತೀರಿಕೊಂಡರು. ಯುರೋಪಿನಲ್ಲಿ ಯುದ್ಧ ನಡೆಯುತ್ತಿದ್ದರೂ ಗೆಳೆಯನಿಗೆ ಸಮಾಧಾನ ಹೇಳಲು ಗಿಬ್ಬನ್ ಇಂಗ್ಲೆಂಡಿಗೆ ಬಂದ. ಅಷ್ಟು ಹೊತ್ತಿಗೆ ನಡೆಯುವುದೇ ಕಷ್ಟವಾಗಿತ್ತು. ನವೆಂಬರ್‌ನಲ್ಲಿ ಕೊನೆಗೂ ಶೆಫೀಲ್ಡ್‌ಗೆ ಪತ್ರ ಬರೆದು ವಿಷಯ ತಿಳಿಸಿದ.

ಶಸ್ತ್ರವೈದ್ಯ ಹೆನ್ರಿ ಕ್ಲೈನ್ ಊತಕ್ಕೆ ಚುಚ್ಚಿ ನೀರು ತೆಗೆದರು. ಮೊದಲ ಸಲ ಸುಮಾರು 4 ಲೀಟರ್, ಹತ್ತು ದಿನದ ನಂತರ ಸುಮಾರು 3 ಲೀಟರ್. ನೀರು ಮತ್ತೆ ತುಂಬಿತು. ಜ್ವರ ಬಂತು, ಊತದಲ್ಲಿ ಉರಿಯೂತ ಕಾಣಿಸಿತು. 1794ರ ಜನವರಿ 13ರಂದು ಮೂರನೇ ಸಲ ಸುಮಾರು 6 ಲೀಟರ್ ತೆಗೆದರು. ಜನವರಿ 16ರಂದು ಗಿಬ್ಬನ್ ತೀರಿಕೊಂಡ. ವಯಸ್ಸು 56.

ಶವಪರೀಕ್ಷೆಯಲ್ಲಿ ತಿಳಿದದ್ದು: ಅಲ್ಲಿ ಹೈಡ್ರೋಸಿಲ್ ಜೊತೆಗೆ ಭಾರಿ ಹರ್ನಿಯಾವೂ ಇತ್ತು. ಕರುಳನ್ನು ಹೊದ್ದಿರುವ ಕೊಬ್ಬಿನ ಪೊರೆ ಮತ್ತು ದೊಡ್ಡ ಕರುಳಿನ ಬಹುಭಾಗ ಕೆಳಕ್ಕೆ ಇಳಿದಿದ್ದವು. ಚುಚ್ಚಿದ ಜಾಗದಿಂದ ಹರಡಿದ ಸೋಂಕೇ ಜೀವ ತೆಗೆದಿರಬೇಕು ಎಂಬುದು ನಂತರದ ವೈದ್ಯರ ಅಂದಾಜು.

ಆತನ ಭಯಕ್ಕೆ ಕಾರಣವಿತ್ತು, ನಮಗಿಲ್ಲ

ಗಿಬ್ಬನ್‌ನನ್ನು ದಡ್ಡ ಎನ್ನುವಂತಿಲ್ಲ. ಆ ಕಾಲದಲ್ಲಿ ಅರಿವಳಿಕೆ ಇರಲಿಲ್ಲ, ಸೋಂಕು ತಡೆಯುವ ವಿಧಾನವೂ ಇರಲಿಲ್ಲ. ಈಥರ್ ಅರಿವಳಿಕೆಯನ್ನು ಜಗತ್ತು ನೋಡಿದ್ದು 1846ರಲ್ಲಿ. ಇಟಲಿಯ ಎಡೋರ್ಡೊ ಬಸ್ಸೀನಿ ಹರ್ನಿಯಾವನ್ನು ಸರಿಯಾಗಿ ಹೊಲಿಯುವ ಕ್ರಮ ರೂಪಿಸಿದ್ದು 1880ರ ದಶಕದಲ್ಲಿ. ಇಂದು ದುರ್ಬಲ ಜಾಗಕ್ಕೆ ಮೆಶ್ ಎಂಬ ಜಾಳಿಗೆಯನ್ನು ಇಟ್ಟು ಭದ್ರಪಡಿಸುತ್ತಾರೆ. ತೆರೆದ ಶಸ್ತ್ರಚಿಕಿತ್ಸೆಯಲ್ಲೂ ಲ್ಯಾಪರೋಸ್ಕೋಪಿಯಲ್ಲೂ ಇದನ್ನು ಮಾಡಬಹುದು. ಎಷ್ಟೋ ಜನ ಅದೇ ದಿನ ಅಥವಾ ಮರುದಿನ ಮನೆಗೆ ಹೋಗುತ್ತಾರೆ.

ಇದು ಅಪರೂಪದ ಕಾಯಿಲೆಯೂ ಅಲ್ಲ. ಸುಮಾರು ನಾಲ್ವರು ಗಂಡಸರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ತೊಡೆಸಂದಿನ ಹರ್ನಿಯಾ ಬರುತ್ತದೆ.

ಫಾರ್ವರ್ಡ್‌ಗಳು ಹೇಳುವುದು, ನಿಜ ಇರುವುದು

ಎಣ್ಣೆ, ಲೇಪ, ಕಷಾಯದಿಂದ ಕರಗುತ್ತದೆಯೇ? ಇಲ್ಲ. ಅದು ತೂತು, ಗಡ್ಡೆ ಅಲ್ಲ. ವಯಸ್ಕರಲ್ಲಿ ತಾನಾಗಿ ಮುಚ್ಚಿಕೊಳ್ಳುವುದಿಲ್ಲ.

ಬೆಲ್ಟ್ ಕಟ್ಟಿದರೆ ವಾಸಿಯಾಗುತ್ತದೆಯೇ? ಊತವನ್ನು ಸ್ವಲ್ಪ ಹೊತ್ತು ಒಳಗೆ ತಡೆಯಬಹುದು, ಅಷ್ಟೇ.

ಹರ್ನಿಯಾ ಇದ್ದವರೆಲ್ಲ ಕೂಡಲೇ ಆಪರೇಷನ್ ಮಾಡಿಸಿಕೊಳ್ಳಬೇಕೇ? ಬೇಕಿಲ್ಲ. ಸಣ್ಣದಿದ್ದು ತೊಂದರೆ ಕೊಡದಿದ್ದರೆ ವೈದ್ಯರು ಕಾದು ನೋಡೋಣ ಎನ್ನಬಹುದು. ಆದರೆ ಅದು ವೈದ್ಯರು ನೋಡಿದ ಮೇಲೆ ಆಗಬೇಕಾದ ತೀರ್ಮಾನ.

ಆಪರೇಷನ್‌ನಿಂದ ಗಂಡಸುತನ ಹೋಗುತ್ತದೆಯೇ? ಸಾಮಾನ್ಯವಾಗಿ ಇಲ್ಲ. ಬೇರೆ ತೊಡಕುಗಳು ಇರಬಹುದು: ಕೆಲವು ದಿನ ಬಾವು, ಮೂತ್ರ ಕಟ್ಟುವುದು, ಗಾಯದ ಸೋಂಕು. ಕೆಲವರಿಗೆ ತಿಂಗಳುಗಟ್ಟಲೆ ನೋವು ಉಳಿಯುತ್ತದೆ, ಕೆಲವರಿಗೆ ಹರ್ನಿಯಾ ಮರಳುತ್ತದೆ. ವೃಷಣದ ರಕ್ತನಾಳಕ್ಕೆ ಪೆಟ್ಟಾಗುವುದು ಅಪರೂಪ. ಇವನ್ನೆಲ್ಲ ಮೊದಲೇ ವೈದ್ಯರನ್ನು ಕೇಳಿ ತಿಳಿದುಕೊಳ್ಳಿ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದದ್ದು ಯಾವಾಗ?

ಮಲಗಿದರೆ ಒಳಹೋಗುತ್ತಿದ್ದ ಊತ ಹೋಗದೆ ಗಟ್ಟಿಯಾದರೆ, ಇದ್ದಕ್ಕಿದ್ದಂತೆ ತೀವ್ರ ನೋವು ಬಂದರೆ, ಚರ್ಮ ಕೆಂಪಾದರೆ ಅಥವಾ ಕಪ್ಪಾದರೆ, ವಾಂತಿಯಾದರೆ, ಗಾಳಿ-ಮಲ ನಿಂತರೆ ಕರುಳು ಸಿಕ್ಕಿಕೊಂಡಿರಬಹುದು. ರಕ್ತ ಸಂಚಾರ ನಿಂತರೆ ಕೆಲವೇ ಗಂಟೆಗಳಲ್ಲಿ ಕರುಳು ಕೊಳೆಯಲು ತೊಡಗುತ್ತದೆ. ಒತ್ತಿ ಒಳಗೆ ತಳ್ಳಲು ಹೋಗಬೇಡಿ, ಬೆಳಗಾಗಲಿ ಎಂದು ಕಾಯಬೇಡಿ.

ಗಿಬ್ಬನ್ ಸಮಾಧಿ ಸಸೆಕ್ಸ್‌ನ ಫ್ಲೆಚಿಂಗ್ ಚರ್ಚಿನಲ್ಲಿ, ಶೆಫೀಲ್ಡ್ ಮನೆತನದವರ ಸಮಾಧಿಗಳ ಜೊತೆಗಿದೆ. ಗುಟ್ಟನ್ನು ಆತ ಹೇಳಿಕೊಂಡದ್ದು ಆ ಗೆಳೆಯನಿಗೇ, ಅದೂ ಸಾಯಲು ಎರಡು ತಿಂಗಳಿರುವಾಗ. ನಿಮ್ಮ ಮನೆಯಲ್ಲೂ ಅಪ್ಪ, ಅಣ್ಣ, ಮಾವ ಯಾರಾದರೂ ಹೀಗೆ ಹೇಳಿಕೊಳ್ಳದೆ ಇದ್ದಿರಬಹುದು. ಅವರಿಗೆ ಇದನ್ನು ಕಳಿಸಿ.