ಮೈಕ್ ಕಂಡರೆ ಮೈಯೆಲ್ಲ ನಡುಕವೇ?

ಮಗನ ಸ್ಕೂಲಿನಲ್ಲಿ ಪೋಷಕರ ಸಭೆ. ಕೇಳಬೇಕೆಂದುಕೊಂಡ ಪ್ರಶ್ನೆ ನಾಲಿಗೆ ತುದಿಯಲ್ಲೇ ಇದೆ, ಎದ್ದು ನಿಲ್ಲಲು ಮಾತ್ರ ಧೈರ್ಯವಿಲ್ಲ. ಬಡಾವಣೆಯ ಮಹಿಳಾ ಸಮಾಜದಲ್ಲಿ ವಂದನಾರ್ಪಣೆಗೆ ನಿಮ್ಮ ಹೆಸರು ಹಾಕಿದರೆ ಸಾಕು, ಅವತ್ತು ಏನಾದರೊಂದು ನೆಪ ಹೇಳಿ ಮನೆಯಲ್ಲೇ ಉಳಿದುಬಿಡುತ್ತೀರಿ. ನಿಮ್ಮದಷ್ಟೇ ಅಲ್ಲ, ನನ್ನದೂ ಇದೇ ಕತೆ. ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡುವ ನಮಗೆ ಮೈಕ್ ಮುಂದೆ ಎರಡು ನಿಮಿಷ ನಿಲ್ಲೋದು ಯಾಕಿಷ್ಟು ಕಷ್ಟ? ಭಾಷಣ ಮಾಡೋದೆಲ್ಲ ಹುಟ್ಟಿನಿಂದ ಬರಬೇಕು ಬಿಡಿ ಅಂತ ಸಮಾಧಾನ ಮಾಡಿಕೊಳ್ಳುವ ಮೊದಲು, ಅಮೆರಿಕದ ಅಧ್ಯಕ್ಷರ ಮಡದಿಯಾಗಿದ್ದ ಎಲಿನಾರ್ ರೂಸ್‌ವೆಲ್ಟ್ ಅವರ ಬದುಕನ್ನು ಸ್ವಲ್ಪ ನೋಡಿ.

1884ರ ಅಕ್ಟೋಬರ್ 11ರಂದು ನ್ಯೂಯಾರ್ಕಿನ ಸಿರಿವಂತ ಮನೆತನದಲ್ಲಿ ಹುಟ್ಟಿದವರು ಎಲಿನಾರ್. ಆದರೆ ಬಾಲ್ಯ ಸುಖದ್ದಾಗಿರಲಿಲ್ಲ. ತಾಯಿ ಹೆಸರಾಂತ ಸುಂದರಿ. ಮಗಳು ಮಾತ್ರ ಸಾಧಾರಣ ರೂಪಿನವಳು, ಸದಾ ಗಂಭೀರ. ಹೆತ್ತಮ್ಮನೇ ಅವಳನ್ನು ಅಜ್ಜಿ ಅಂತ ಕರೆದು ಆಡಿಕೊಳ್ಳುತ್ತಿದ್ದರು! ಆ ಮಾತು ಮಗುವಿನ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು. 1892ರಲ್ಲಿ ತಾಯಿ, 1894ರಲ್ಲಿ ತಂದೆ ತೀರಿಕೊಂಡರು. ಹತ್ತು ತುಂಬುವ ಮೊದಲೇ ಅನಾಥೆ. ಬೆಳೆದದ್ದು ಅಜ್ಜಿ ಮನೆಯಲ್ಲಿ.

ಹದಿನೈದನೇ ವಯಸ್ಸಿಗೆ ಲಂಡನ್ ಬಳಿಯ ಅಲೆನ್ಸ್‌ವುಡ್ ಶಾಲೆಗೆ ಸೇರಿದಾಗ ಮೊದಲ ಬಾರಿ ಬೆಳಕು ಕಂಡಿತು. ಅಲ್ಲಿನ ಮುಖ್ಯೋಪಾಧ್ಯಾಯಿನಿ ಮರಿ ಸೂವೆಸ್ತ್ರ್, ಹುಡುಗಿಯರು ತಮ್ಮದೇ ಅಭಿಪ್ರಾಯ ಹೇಳಬೇಕೆಂದು ಬಯಸುವವರು. ಎಲಿನಾರ್ ಅರಳಿದರು. ಆದರೆ 1905ರಲ್ಲಿ ದೂರದ ಸಂಬಂಧಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಜತೆ ಮದುವೆಯಾದ ಮೇಲೆ ಮತ್ತೆ ಬಾಯಿ ಕಟ್ಟಿತು. ಹತ್ತು ವರ್ಷದಲ್ಲಿ ಆರು ಮಕ್ಕಳು, ಅದರಲ್ಲೊಂದು ಹಸುಗೂಸಾಗಿದ್ದಾಗಲೇ ತೀರಿಕೊಂಡಿತು. ಮನೆಯಲ್ಲಿ ಅತ್ತೆ ಸಾರಾ ಅವರದೇ ಕಾರುಬಾರು. ಮಗ ಸೊಸೆಗೆಂದು ತಮ್ಮ ಮನೆಗೆ ಅಂಟಿಸಿಯೇ ಇನ್ನೊಂದು ಮನೆ ಕಟ್ಟಿಸಿ, ನಡುವೆ ಬಾಗಿಲುಗಳನ್ನೂ ಇಡಿಸಿದ್ದರು. ಇದು ನನ್ನ ಮನೆ ಅಂತ ಅನ್ನಿಸುತ್ತಲೇ ಇಲ್ಲವಲ್ಲ ಅಂತ ಎಲಿನಾರ್ ಕನ್ನಡಿ ಮುಂದೆ ಕೂತು ಅತ್ತದ್ದುಂಟು. ನಮ್ಮ ಪಕ್ಕದ ಮನೆಯ ಕತೆ ಕೇಳಿದ ಹಾಗಿದೆ, ಅಲ್ವಾ?

1921ರ ಆಗಸ್ಟ್‌ನಲ್ಲಿ ಸಿಡಿಲೆರಗಿತು. ರಾಜಕೀಯದಲ್ಲಿ ಮೇಲೇರುತ್ತಿದ್ದ ಫ್ರಾಂಕ್ಲಿನ್‌ಗೆ ಪೋಲಿಯೊ. ವಯಸ್ಸು 39, ಕಾಲುಗಳ ಶಕ್ತಿಯೇ ಹೋಯಿತು. ರಾಜಕೀಯ ಸಾಕು, ಊರಿನ ಮನೆಗೆ ಬಂದು ಹಾಯಾಗಿರಲಿ ಎಂದರು ಅತ್ತೆ. ಹಾಗೆ ಮೂಲೆ ಸೇರಿದರೆ ಗಂಡ ಮನಸ್ಸಿನಿಂದಲೂ ಕುಸಿಯುತ್ತಾರೆ ಅನ್ನೋದು ಎಲಿನಾರ್ ಆತಂಕ. ಕುಟುಂಬದ ಆಪ್ತ, ಪತ್ರಕರ್ತರಾಗಿದ್ದ ಲೂಯಿ ಹೌ ಒಂದು ದಾರಿ ತೋರಿಸಿದರು. ಫ್ರಾಂಕ್ಲಿನ್ ಓಡಾಡಲಾಗದಷ್ಟು ದಿನ ಅವರ ಹೆಸರನ್ನು ಜನ ಮರೆಯದಂತೆ ಹೆಂಡತಿಯೇ ಸಭೆಗಳಿಗೆ ಹೋಗಿ ಮಾತಾಡಬೇಕು!

1922ರಲ್ಲಿ ಡೆಮಾಕ್ರಟಿಕ್ ಪಕ್ಷದ ಮಹಿಳೆಯರ ಊಟದ ಕೂಟವೊಂದರಲ್ಲಿ ಅವರು ಮಾತಿಗೆ ನಿಂತರು. ಮೈಯೆಲ್ಲ ಗಡಗಡ. ನಿಂತಿರುತ್ತೇನೋ ಇಲ್ಲವೋ ಅನ್ನುವಷ್ಟು ನಡುಕ. ಮುಂದಿನ ಸಭೆಗಳಲ್ಲಿ ಹೌ ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತಿದ್ದರು. ಮುಗಿದ ಮೇಲೆ ತಪ್ಪುಗಳನ್ನು ಮುಲಾಜಿಲ್ಲದೆ ಹೇಳುತ್ತಿದ್ದರು. ಗಾಬರಿಯಾದಾಗ ಎಲಿನಾರ್ ದನಿ ಕೀರಲಾಗುತ್ತಿತ್ತು, ನಗುವಂಥದ್ದೇನೂ ಇಲ್ಲದ ಕಡೆ ಕಿಸಕ್ಕನೆ ನಗು ಬರುತ್ತಿತ್ತು. ಆ ನಗು ಬಿಡಿ, ದನಿ ಇಳಿಸಿ, ಹೇಳಬೇಕಾದ್ದು ಏನೆಂದು ಮೊದಲೇ ತಿಳಿದುಕೊಂಡಿರಿ, ಅದನ್ನು ಹೇಳಿ ಕೂತುಬಿಡಿ ಅನ್ನೋದೇ ಹೌ ಪಾಠದ ಸಾರ.

ಇಲ್ಲಿ ನಮಗೊಂದು ಕಿವಿಮಾತಿದೆ. ಹೆದರಿದಾಗ ಉಸಿರು ಮೇಲುಮೇಲಿನದಾಗುತ್ತದೆ, ಗಂಟಲು ಬಿಗಿಯುತ್ತದೆ, ದನಿ ಏರುತ್ತದೆ. ಎದ್ದು ನಿಂತ ತಕ್ಷಣ ಮಾತು ಶುರು ಮಾಡಬೇಡಿ. ಒಮ್ಮೆ ನಿಧಾನವಾಗಿ ಉಸಿರು ಬಿಟ್ಟು, ಸಭೆಯತ್ತ ನೋಡಿ, ಆಮೇಲೆ ಆರಂಭಿಸಿ. ಮೊದಲ ಮತ್ತು ಕೊನೆಯ ವಾಕ್ಯ ಬಾಯಿಪಾಠವಾಗಿದ್ದರೆ ನಡುವಿನದು ತಾನಾಗಿ ಬರುತ್ತದೆ. ಜತೆಗೆ ನಿಮಗೂ ಒಬ್ಬ ಹೌ ಬೇಕು. ಗೆಳತಿಯನ್ನೋ ತಂಗಿಯನ್ನೋ ಹಿಂದಿನ ಸಾಲಿನಲ್ಲಿ ಕೂರಿಸಿ. ಹೊಗಳೋದಕ್ಕಲ್ಲ, ತಪ್ಪು ಹೇಳೋದಕ್ಕೆ!

ಎಲಿನಾರ್ ದನಿ ಒಂದೇ ದಿನದಲ್ಲಿ ಸರಿಹೋಗಲಿಲ್ಲ. 1933ರಲ್ಲಿ ಗಂಡ ಅಧ್ಯಕ್ಷರಾಗಿ ಶ್ವೇತಭವನಕ್ಕೆ ಬಂದ ಮೇಲೂ ಅವರು ದನಿ ತಿದ್ದಿಕೊಳ್ಳಲು ತರಬೇತಿ ಪಡೆದರು. ಪತ್ರಕರ್ತೆಯರಿಗೆ ಮಾತ್ರ ಪ್ರವೇಶವಿದ್ದ ಪತ್ರಿಕಾಗೋಷ್ಠಿಗಳನ್ನು ನಡೆಸಿದರು. ಪತ್ರಿಕೆಗಳು ಹೆಣ್ಣುಮಕ್ಕಳನ್ನು ಕೆಲಸದಲ್ಲಿ ಇಟ್ಟುಕೊಳ್ಳಲೇಬೇಕಾಯಿತು ನೋಡಿ!

1945ರಲ್ಲಿ ಗಂಡ ತೀರಿಕೊಂಡರು. ಇನ್ನು ತನ್ನ ಕತೆ ಮುಗಿಯಿತು ಎಂದುಕೊಂಡಿದ್ದವರನ್ನು ಹೊಸ ಅಧ್ಯಕ್ಷ ಟ್ರೂಮನ್ ವಿಶ್ವಸಂಸ್ಥೆಗೆ ಪ್ರತಿನಿಧಿಯಾಗಿ ಕಳಿಸಿದರು. 1946ರಲ್ಲಿ ಲಂಡನ್ ಅಧಿವೇಶನ. ಯುದ್ಧದಿಂದ ನೆಲೆ ಕಳೆದುಕೊಂಡು ಶಿಬಿರಗಳಲ್ಲಿದ್ದ ಲಕ್ಷಾಂತರ ನಿರಾಶ್ರಿತರನ್ನು, ಅವರಿಗೆ ಇಷ್ಟವಿಲ್ಲದಿದ್ದರೂ ಸ್ವದೇಶಕ್ಕೆ ಕಳಿಸಬೇಕೇ ಅನ್ನೋದು ಪ್ರಶ್ನೆ. ಕಳಿಸಲೇಬೇಕು ಎಂದು ವಾದಿಸಿದವರು ಸೋವಿಯತ್ ಒಕ್ಕೂಟದ ಆಂದ್ರೇ ವಿಶಿನ್‌ಸ್ಕಿ, ನ್ಯಾಯಾಲಯಗಳಲ್ಲಿ ಪಳಗಿದ ನಾಲಿಗೆ. ಉತ್ತರಿಸುವ ಹೊಣೆ ಎಲಿನಾರ್ ಮೇಲೆ ಬಿತ್ತು. ಹೆದರಿಕೆ ಅವತ್ತೂ ಇತ್ತು. ಕೈಯಲ್ಲಿ ಬರೆದುಕೊಂಡ ಭಾಷಣವಿರಲಿಲ್ಲ. ಹೊತ್ತಾಗಿದೆ, ಲ್ಯಾಟಿನ್ ಅಮೆರಿಕದ ಪ್ರತಿನಿಧಿಗಳು ಎದ್ದು ಹೋದರೆ ಮತಗಳೂ ಹೋಗುತ್ತವೆ. ಆ ದೇಶಗಳ ವಿಮೋಚಕ ಸೈಮನ್ ಬೊಲಿವಾರ್‌ನನ್ನು ನೆನೆದು ಮಾತಾಡಿದರು. ಅವರು ಕದಲಲಿಲ್ಲ. ಮತದಾನದಲ್ಲಿ ಎಲಿನಾರ್ ಪಕ್ಷವೇ ಗೆದ್ದಿತು. ಕೇಳುವವರು ಯಾರು ಅಂತ ತಿಳಿದು ಮಾತಾಡೋದು ಅಂದರೆ ಇದೇ.

ಮುಂದೆ ಅವರ ಅಧ್ಯಕ್ಷತೆಯಲ್ಲೇ ಮಾನವ ಹಕ್ಕುಗಳ ಘೋಷಣೆ ರೂಪುಗೊಂಡಿತು. ಅದೇ ಆಯೋಗದಲ್ಲಿದ್ದ ನಮ್ಮ ಹಂಸಾ ಮೆಹ್ತಾ, ಎಲ್ಲ ಪುರುಷರು ಅನ್ನುವ ಅರ್ಥ ಬರುವ ಕಡೆ ಎಲ್ಲ ಮಾನವರು ಎಂದಿರಬೇಕು ಅಂತ ಪಟ್ಟು ಹಿಡಿದು ಗೆದ್ದರು. 1948ರ ಡಿಸೆಂಬರ್ 10ರಂದು ಪ್ಯಾರಿಸ್‌ನಲ್ಲಿ 48 ದೇಶಗಳು ಘೋಷಣೆಯ ಪರ ಮತ ಹಾಕಿದವು. ವಿರುದ್ಧ ಒಂದೂ ಇಲ್ಲ. 1962ರ ನವೆಂಬರ್ 7ರಂದು ಎಲಿನಾರ್ ತೀರಿಕೊಂಡರು.

ಗಮನಿಸಿದಿರಾ? ನಡುಕ ಹೋಗಲಿ, ಆಮೇಲೆ ಮಾತಾಡುತ್ತೇನೆ ಅಂತ ಅವರು ಕಾಯಲಿಲ್ಲ. ಮೊದಲು ಗಂಡನಿಗಾಗಿ, ಆಮೇಲೆ ಗುರುತೇ ಇಲ್ಲದ ನಿರಾಶ್ರಿತರಿಗಾಗಿ ನಡುಗುತ್ತಲೇ ಎದ್ದು ನಿಂತರು. ನಾನು ಹೇಗೆ ಕಾಣ್ತೀನೋ ಅನ್ನುವ ಯೋಚನೆಗಿಂತ, ಯಾರಿಗಾಗಿ ಮಾತಾಡ್ತಿದ್ದೀನಿ ಅನ್ನೋದು ದೊಡ್ಡದಾದಾಗ ನಾಲಿಗೆ ತಾನಾಗಿ ಸಡಿಲವಾಗುತ್ತದೆ. ಮುಂದಿನ ಪೋಷಕರ ಸಭೆಗೆ ನಿಮ್ಮ ಪ್ರಶ್ನೆಯನ್ನು ಒಂದೇ ಸಾಲಿನಲ್ಲಿ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅದು ನಿಮ್ಮ ಮಗನಿಗಾಗಿ ಕೇಳಬೇಕಾದ ಪ್ರಶ್ನೆ. ಕೈ ನಡುಗಿದರೆ ನಡುಗಲಿ ಬಿಡಿ, ಕೇಳಿಯೇ ಕೂತುಕೊಳ್ಳಿ.